ಹಿಂದಕ್ಕೆ ತಳ್ಳಿದ ಜನರೇಟರ್

ನನಗೆ ಮೈಯೆಲ್ಲ ಉರಿದುಹೋಯಿತು. ಅಳಿಯ ಪಿಕಪ್ ಗಾಡಿಯ ಹಿಂದೆ ಸೊಂಟದ ಮೇಲೆ ಕೈಯಿಟ್ಟು ನಿಂತು, "ನೋಡಿ ಮಾವ, ಈಗ ಗಾಡಿ ಹಿಂದೆ ಕುಸಿದಿದೆಯಾ? ಹೆಂಗೆ ನೆಟ್ಟಗೆ ನಿಂತಿದೆ!" ಅಂದ.

ನೆಟ್ಟಗೇನೋ ನಿಂತಿತ್ತು. ಮೊದಲೆಲ್ಲ ಜನರೇಟರ್ ಹೊತ್ತ ಟ್ರೈಲರ್ ಸಿಕ್ಕಿಸಿದ ಕೂಡಲೇ ಗಾಡಿಯ ಹಿಂಭಾಗ ಕುಸಿದು, ಹೆಡ್‌ಲೈಟು ಆಕಾಶ ನೋಡುತ್ತಿತ್ತು. ಬಾಡಿಗೆಗೆ ಜನರೇಟರ್ ಒಯ್ದ ಕಡೆಯೆಲ್ಲ ಜನ ನಗುತ್ತಾರೆಂದು ಇವನಿಗೆ ಅವಮಾನ. ಅದಕ್ಕೇ ನಾನು ನನ್ನ ಸ್ಪ್ರಿಂಗ್ ವರ್ಕ್‌ಶಾಪಿನಲ್ಲಿ, ಕೊಂಡಿಗೆ ಸಿಕ್ಕಿಸಿದರೆ ಭಾರವನ್ನು ಗಾಡಿಯ ಮುಂದಿನ ಚಕ್ರಗಳಿಗೂ ಹಂಚುವ ಎರಡು ಉಕ್ಕಿನ ಸರಳು ಮಾಡಿಕೊಟ್ಟಿದ್ದೆ. ಅವು ಮೂಲೆಯಲ್ಲಿ ಧೂಳು ತಿನ್ನುತ್ತಿದ್ದವು. ಪ್ರತಿ ಸಲ ಸಿಕ್ಕಿಸಿ ಬಿಚ್ಚುವ ರಗಳೆ ಯಾರಿಗೆ ಬೇಕು! ಈ ಮಹಾಶಯ ಜನರೇಟರನ್ನೇ ಟ್ರೈಲರಿನ ಹಿಂದಿನ ತುದಿಗೆ ತಳ್ಳಿ ಹಗ್ಗ ಬಿಗಿದಿದ್ದ.

"ತಲೇಲಿ ಏನು ತುಂಬ್ಕೊಂಡಿದೀಯಯ್ಯಾ? ಹಿಂದೆ ಭಾರ ಹಾಕಿದ್ರೆ ಇಳಿಜಾರಲ್ಲಿ ಟ್ರೈಲರ್ ಬಾಲ ಬೀಸತ್ತೆ! ಗಾಡೀನೂ ಎಳ್ಕೊಂಡು ಹೋಗಿ ಹಳ್ಳಕ್ಕೆ ಕೆಡವತ್ತೆ!"

ಒಳಗಿನಿಂದ ಓಡಿ ಬಂದ ಹೆಂಡತಿ ನನ್ನ ತೋಳು ಹಿಡಿದು ಜಗ್ಗಿದಳು. "ಅಳಿಯಂದ್ರ ಹತ್ರ ಹೀಗಾ ಮಾತಾಡೋದು? ಬೀದಿಯವರೆಲ್ಲ ಕೇಳಿಸ್ಕೊಳ್ತಾರೆ."

"ಕೇಳಿಸ್ಕೊಳ್ಲಿ! ಕುರ್ಚಿ ಹಾಕ್ಕೊಂಡು ಕೂತು ಕೇಳಲಿ!"

ಅಳಿಯ ನಕ್ಕ. ಅವನ ಪಕ್ಕ ಕೂತು ಆ ಇಳಿಜಾರು ಇಳಿಯಬೇಕಾದವಳು ನನ್ನ ಮಗಳು. ಆಗಲೇ ಗಾಡಿ ಹತ್ತಿ ಕೂತಿದ್ದಳು. ನಗುತ್ತಿದ್ದವನ ಕಪಾಳಕ್ಕೆ ಎರಡು ಬಿಗಿಯೋಣ ಅನ್ನಿಸಿತು ನನಗೆ.

ಮಗಳು ದಡಾರನೆ ಬಾಗಿಲು ತೆಗೆದು ಇಳಿದಳು. "ಅಪ್ಪಾ, ಸಾಕು ಮಾಡಿ. ಅವರು ಏನು ಮಾಡಿದ್ರೂ ನಿಮಗೆ ತಪ್ಪೇ. ಅದೇನು ತಪ್ಪು ಅಂತ ಬೇಗ ತೋರಿಸಿ, ನಮಗೆ ಹೊತ್ತಾಗತ್ತೆ."

"ಚಕ್ರಕ್ಕೆ ಕಲ್ಲು ಕೊಡು. ಕೊಂಡಿ ಬಿಚ್ಚಿ ಟ್ರೈಲರಿನ ಮೂತಿ ಎತ್ತು."

"ಇಷ್ಟು ಭಾರಾನ ನಾನು ಎತ್ತಲಾ? ನಿಮಗೇನು ಹುಚ್ಚಾ?"

"ಎತ್ತು ಅಂದೆ."

ಸಿಡಿಮಿಡಿಗುಟ್ಟುತ್ತಲೇ ಕಲ್ಲಿಟ್ಟು, ಕೊಂಡಿ ಬಿಚ್ಚಿ, ಕೈ ಹಾಕಿದಳು. ಇಬ್ಬರು ಗಂಡಸರು ಹೆಗಲು ಕೊಟ್ಟರೂ ಅಲುಗಬಾರದ ಮೂತಿ, ಭಾರವೆಲ್ಲ ಹಿಂದಕ್ಕೆ ಹೋಗಿದ್ದರಿಂದ ತರಕಾರಿ ಚೀಲದ ಹಾಗೆ ಅವಳ ಒಂದೇ ಕೈಗೆ ಎದ್ದು ಬಂತು. ನನ್ನ ತೋಳು ಹಿಡಿದಿದ್ದ ಹೆಂಡತಿ ಕೈ ಬಿಟ್ಟಳು.

ಮಗಳು ಅದನ್ನು ಹಿಡಿದುಕೊಂಡೇ ಗಂಡನ ಕಡೆ ತಿರುಗಿದಳು.

"ನಿನ್ನೆಯೂ ಹೀಗೇ ಕಟ್ಟಿದ್ರಿ. ಇಳಿಜಾರಲ್ಲಿ ಗಾಡಿ ಅತ್ತ ಇತ್ತ ಬಡಿದಾಡ್ತಲ್ಲ, ನಾನು ಕಿರುಚ್ಕೊಂಡೆ. ಗಾಳಿ ಜೋರು ಅಂದ್ರಿ."

ಅವನು ಹಗ್ಗದ ಗಂಟು ಮುಟ್ಟಿ ನೋಡತೊಡಗಿದ.

"ಗಾಳಿಯಲ್ಲ ಅಂತ ಗೊತ್ತಿತ್ತಾ ನಿಮಗೆ?"

"ಒಂದೆರಡು ಸಲ ಅಷ್ಟೇ ಕಣೇ. ನಿಧಾನ ಮಾಡಿದೆ, ಸರಿಹೋಯ್ತು. ನೀನು ಹೆದರ್ಕೋತೀಯ ಅಂತ..."

ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ಮುಂದೆ ನುಗ್ಗಿದಳು. ಮಗಳ ಮದುವೆಯಾದಾಗಿನಿಂದ ಅಳಿಯನಿಗೆ ಒಂದು ಗಟ್ಟಿ ಮಾತು ಆಡಿದವಳಲ್ಲ. "ಅಯ್ಯೋ, ನಿನಗೆ ಬಡಿಯಾ! ನನ್ನ ಮಗಳನ್ನ ಪಕ್ಕದಲ್ಲಿ ಕೂರಿಸ್ಕೊಂಡು ಸುಳ್ಳು ಹೇಳಿದ್ಯಾ? ಇವತ್ತೂ ಅದರಲ್ಲೇ ಕರ್ಕೊಂಡು ಹೊರಟಿದ್ಯಾ?"

ಬೀದಿಯ ಎರಡು ಕಿಟಕಿ ತೆರೆದವು. ಅವಳು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಮಗಳು ಮೂತಿಯನ್ನು ಕೆಳಗಿಳಿಸಿ, ಗಂಡನ ಮುಂದೆ ಕೈ ಚಾಚಿದಳು. "ಕೀ ಕೊಡಿ."

ಕೊಟ್ಟ.

"ಜನರೇಟರ್ ಟ್ರೈಲರ್ ಚಕ್ರದಿಂದ ಸ್ವಲ್ಪ ಮುಂದಕ್ಕೆ ತಂದು ಕಟ್ಟಿ. ಅಪ್ಪ ಸರಳು ಹಾಕ್ತಾರೆ. ಗಾಡಿ ನಾನು ಓಡಿಸ್ತೀನಿ."

"ಮತ್ತೆ ನಾನು?"

"ನೀವು ಬಸ್ಸಲ್ಲಿ ಬನ್ನಿ."