ಹಸಿ ಶ್ಯಾವಿಗೆ ಹುಡುಕಿ ಹೋದ ಭಾವ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ, ಮಿಮಿಕ್ರಿ ಬಲ್ಲವನಿಗೆ ಮಾತ್ರ ಕೂತಲ್ಲಿ ನೆಮ್ಮದಿಯಿಲ್ಲ. ಗಾದೆಗೆ ಬಾಲ ಹೊಲಿದವನು ನಾನೇ, ಒಪ್ಪುತ್ತೇನೆ. ಕಥೆಗೆ ಮಾತ್ರ ಹೊಲಿಗೆ ಹಾಕಿಲ್ಲ. ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ.

ನಮ್ಮ ಅಪರ್ಣಕ್ಕನ ಗಂಡ ಶ್ರೀನಿವಾಸಮೂರ್ತಿ ಶ್ರೀರಂಗಪಟ್ಟಣದಲ್ಲಿ ಗಣಿತದ ಮೇಷ್ಟ್ರು. ತಾಯಿಯಿಲ್ಲದ ಅವರನ್ನು ಸಾಕಿದ್ದು ನಾಗಮಂಗಲದ ಇಂದಿರ ದೊಡ್ಡಮ್ಮ. ಎರಡು ವರ್ಷದ ಹಿಂದೆ ಭಾವನ ಗೃಹಪ್ರವೇಶದ ದಿನ ಅಡುಗೆಯವರು ಪ್ಯಾಕೆಟ್ಟಿನ ಅಕ್ಕಿ ಶ್ಯಾವಿಗೆ ಬಡಿಸಿಬಿಟ್ಟಿದ್ದರು. ಅಕ್ಕಿ, ನೀರು, ಬೆಂಕಿ ಮೂರೂ ಕೂಡಿದರೆ ನಮ್ಮಲ್ಲಿ ಅದು ಮುಸುರೆ. ಯಾರದೋ ಒಲೆಯಲ್ಲಿ ಬೆಂದ ಮುಸುರೆಯನ್ನು ಮಡಿಯ ದೊಡ್ಡಮ್ಮ ಮುಟ್ಟುವಂತಿಲ್ಲ. ಅವರು ಎಲೆ ಬಿಟ್ಟೆದ್ದರು, ಒಂದು ಲೋಟ ಹಾಲು ಕುಡಿದರು, ಬಸ್ಸು ಹತ್ತಿದರು. ಮತ್ತೆ ಆ ಮನೆಗೆ ಬರಲಿಲ್ಲ.

ಈಗ ಭಾನುವಾರ ಊಟಕ್ಕೆ ಬರುತ್ತೇನೆಂದು ಹೇಳಿಕಳಿಸಿದ್ದರು. ಶನಿವಾರ ಮಧ್ಯಾಹ್ನ ಭಾವ ನನಗೆ ಫೋನ್ ಮಾಡಿದರು. ನಾನು ಪಾಂಡವಪುರದ ಕಚೇರಿಯೊಂದರಲ್ಲಿ ಗುಮಾಸ್ತ.

"ನಾಗೇಂದ್ರ, ನಿಮ್ಮಕ್ಕನ ಬಲಗೈಗೆ ಪಟ್ಟಿ ಹಾಕಿದೆ, ಶ್ಯಾವಿಗೆ ಒತ್ತೋಕಾಗಲ್ಲ. ಬೇಯಿಸದೆ ಹಸೀದೇ ಒತ್ತಿ ಒಣಗಿಸಿದ್ದು ಅಂಗಡೀಲಿ ಸಿಗುತ್ತೇನೋ?"

"ಅನ್ನ ಸಾರು ಮಾಡಿ ಭಾವ. ಯಾಕೆ ಒದ್ದಾಡ್ತೀರಿ?"

"ಚಿಕ್ಕಂದಿನಲ್ಲಿ ನನ್ನ ಪ್ರತಿ ಹುಟ್ಟಿದಹಬ್ಬಕ್ಕೂ ಒತ್ತು ಶ್ಯಾವಿಗೆ, ಕಾಯಿಹಾಲು ಮಾಡಿ ಹಾಕಿದವರು ಕಣೋ. ಈ ಸಲವೂ ಎಲೆ ಬಿಟ್ಟೆದ್ದರೆ ಮತ್ತೆ ನನ್ನ ಹೊಸ್ತಿಲು ತುಳಿಯಲ್ಲ."

ಅಲ್ಲಿಗೆ ಸುಮ್ಮನಿರಬೇಕಿತ್ತು. ಅಕ್ಕಿ ಹಿಟ್ಟನ್ನು ಬೇಯಿಸದೆ ಒತ್ತಿದರೆ ಪುಡಿ ಉದುರುತ್ತದೆಯೇ ಹೊರತು ಎಳೆ ಬರುವುದಿಲ್ಲ ಎಂದು ಅಡುಗೆಮನೆಯಲ್ಲಿ ಒಂದು ದಿನ ನಿಂತವನಿಗೂ ಗೊತ್ತು. ಭಾವನಿಗೆ ಗೊತ್ತಿರಲಿಲ್ಲ. ನನ್ನ ಗಂಟಲು ಕೆರೆಯತೊಡಗಿತು. ಎಳೆ ಹುಡುಕುವವರ ಕಾಲು ಎಳೆಯದೆ ಇರುವುದು ಹೇಗೆ? ಸಹೋದ್ಯೋಗಿ ಶಿವಣ್ಣನ ಫೋನು ಇಸಕೊಂಡು, ಮೂಗು ಒತ್ತಿ ಹಿಡಿದು, ದೊಡ್ಡಮ್ಮನಾದೆ. ಅವರಿಗೆ ಸ್ವಂತ ಫೋನಿಲ್ಲ. ಅಕ್ಕಪಕ್ಕದವರ ಫೋನಿನಲ್ಲೇ ಮಾತಾಡುವುದು. ಹೊಸ ನಂಬರಾದರೂ ಅನುಮಾನ ಬರಲಾರದು.

"ಸೀನೂ, ಶ್ಯಾವಿಗೆ ಅಂಗಡೀದಾದ್ರೂ ಆಗತ್ತೆ. ಹಸೀ ಹಿಟ್ಟಲ್ಲಿ ಒತ್ತಿದ್ದು ನೋಡಿ ತಾ. ಬೆಂದಿದ್ದು ಬೇಡ. ತಿರುಗಿ ಫೋನ್ ಮಾಡ್ಬೇಡ, ಪಕ್ಕದವರಿಗೆ ತೊಂದ್ರೆ."

ನನ್ನ ಲೆಕ್ಕವಿಷ್ಟೇ: ಶ್ರೀರಂಗಪಟ್ಟಣದ ಪೇಟೆಯ ಸೈಫುಲ್ಲಾ ಸಾಹೇಬರು ಅಂಗಡಿಯಲ್ಲೇ ನಕ್ಕುಬಿಡುತ್ತಾರೆ, ಅಲ್ಲಿಗೆ ಮುಗಿಯಿತು. ಆದರೆ ಗಿರಾಕಿಗೆ ಬಾಯಿಬಿಟ್ಟು ಇಲ್ಲ ಎನ್ನುವುದು ಸಾಹೇಬರ ಜಾಯಮಾನದಲ್ಲೇ ಇಲ್ಲ. ಭಾವ ಅಂಗಡಿಯಿಂದಲೇ ಫೋನ್ ಮಾಡಿದಾಗ ಹಿಂದಿನಿಂದ ಅವರ ದನಿ ಕೇಳುತ್ತಿತ್ತು.

"ಅರೆ ಮೇಷ್ಟ್ರೇ, ನಮ್ ಹತ್ರ ಸಣ್ಣ ಎಳೇದು ಐತೆ, ದಪ್ಪ ಎಳೇದು ಐತೆ, ರಾಗೀದೂ ಐತೆ. ಹಸೀದು ಖತಂ ಆಗೈತೆ. ಪಾಂಡವಪುರದಾಗೆ ಪಕ್ಕಾ ಸಿಗ್ತದೆ, ಹೋಗಿ."

ನನ್ನ ಕುರ್ಚಿಗೆ ಮುಳ್ಳು ಮೊಳೆಯಿತು. ಎದ್ದು ಕಿಟಕಿಗೆ ಹೋದೆ, ಕೂತೆ, ಮತ್ತೆ ಎದ್ದೆ. ಅರ್ಧ ಗಂಟೆಗೆ ಭಾವನ ಸ್ಕೂಟರು ಕಚೇರಿ ಮುಂದಿನ ರಸ್ತೆಯಲ್ಲೇ ಹೋಯಿತು. ಕೂಗಿದ್ದರೆ ಕೇಳಿಸುತ್ತಿತ್ತು. ಕೂಗಲಿಲ್ಲ.

ಫೋನು ಬಂತು. "ಇಲ್ಲಿ ಧರ್ಮೇಂದ್ರನ ಅಂಗಡೀಲಿ ನಾಲ್ಕು ಥರ ಇದೆ. ಒಂದರ ಮೇಲೆ ಬಿಸಿನೀರಲ್ಲಿ ಮೂರು ನಿಮಿಷ ನೆನೆಸಿ ಅಂತಿದೆ, ಇನ್ನೊಂದರ ಮೇಲೆ ಎಂಟು ನಿಮಿಷ ಕುದಿಸಿ ಅಂತಿದೆ. ಮೂರು ನಿಮಿಷಕ್ಕೇ ಮೆತ್ತಗಾಗೋದು ಮೊದಲೇ ಬೆಂದಿರಬೇಕು. ಹಾಗಾದ್ರೆ ಎಂಟು ನಿಮಿಷದ್ದು ಹಸಿ ಅಲ್ವೇನೋ?"

"ಭಾವ, ಮನೆಗೆ ಹೋಗಿ."

"ಧರ್ಮೇಂದ್ರನಿಗೂ ಗ್ಯಾರಂಟಿ ಇಲ್ಲ. ಕೆ.ಆರ್. ಪೇಟೆ ಬಸ್ ಸ್ಟ್ಯಾಂಡ್ ಹತ್ರ ಮಾಕವಳ್ಳಿ ಕಡೆಯ ದ್ಯಾವಮ್ಮ ಅನ್ನೋರು ತಾವೇ ಮಾಡಿ ಮಾರ್ತಾರಂತೆ. ಮಾಡೋರನ್ನೇ ಕೇಳಿಬಿಡ್ತೀನಿ."

ಹೇಳಿಬಿಡೋಣ ಎನ್ನುವಷ್ಟರಲ್ಲಿ ಫೋನು ಇಟ್ಟಿದ್ದರು. ಮತ್ತೆ ಮಾಡಿದರೆ ಎತ್ತಲಿಲ್ಲ. ಸ್ಕೂಟರ್ ಓಡಿಸುವಾಗ ಅವರು ಫೋನು ಮುಟ್ಟುವುದಿಲ್ಲ. ಟೇಬಲ್ಲಿನ ಮೇಲಿದ್ದ ಒಂದೇ ಕಾಗದಕ್ಕೆ ಎರಡು ಸಲ ಸೀಲು ಹೊಡೆದೆ.

"ಏನ್ಲಾ, ಕಾಲಡಿ ಇರುವೆ ಮೆಟ್ಕಂಡಂಗೆ ಕುಣೀತಿದ್ದೀಯ? ನನ್ ಫೋನಲ್ಲಿ ಯಾರ್ ಮನೆ ಮುರುದ್ಬುಟ್ಟೆ?" ಎಂದ ಶಿವಣ್ಣ.

ನಾಲ್ಕೂವರೆಗೆ ಭಾವನ ಫೋನು ಬಂತು. ದನಿ ತಣ್ಣಗಿತ್ತು.

"ದ್ಯಾವಮ್ಮ ನಕ್ಕುಬಿಟ್ರು ಕಣೋ. 'ಉಂಡೆ ಕಟ್ಟಿ ಬೇಯಿಸ್ದೆ, ಬಿಸಿಬಿಸಿಲೇ ಒತ್ತದೆ, ಎಳೆ ಎಲ್ಲಿಂದ ಬತ್ತದೆ ಮೇಷ್ಟ್ರೇ? ನಿಮ್ ದೊಡ್ಡವ್ವ ಒಲೆ ಮುಂದೆ ಕುಂತೇ ಇಲ್ವಾ?' ಅಂದ್ರು."

"ಭಾವ, ಅದು..."

"ದೊಡ್ಡಮ್ಮನಿಗೆ ಗೊತ್ತಿಲ್ಲದೆ ಇರುತ್ತಾ? ಐವತ್ತು ವರ್ಷ ಒತ್ತಿದ ಕೈ. ಇಲ್ಲದ್ದನ್ನೇ ತಾ ಅಂದ್ರೆ ಏನರ್ಥ? ಬರೋಕೆ ಮನಸ್ಸಿಲ್ಲ, ಅಷ್ಟೇ. ನಾನೇ ಹೋಗಿ, ಬರೋದು ಬೇಡ, ತೊಂದರೆ ತಗೋಬೇಡಿ ಅಂತ ಹೇಳಿ ಬರ್ತೀನಿ."

ಲೈನು ಕಟ್ಟಾಯಿತು. ಆಮೇಲೆ ಎಷ್ಟು ಒತ್ತಿದರೂ ಸ್ವಿಚ್ ಆಫ್.

ನಾನು ಯಾರ ಅಪ್ಪಣೆಯೂ ಕೇಳದೆ ಬೈಕು ಹತ್ತಿದೆ. ಜಕ್ಕನಹಳ್ಳಿ ದಾರಿಯುದ್ದಕ್ಕೂ ತಪ್ಪೊಪ್ಪಿಗೆಯನ್ನು ನಾಲ್ಕು ದನಿಯಲ್ಲಿ ಹೇಳಿ ನೋಡಿದೆ. ನನ್ನ ಸ್ವಂತ ದನಿಯಲ್ಲೇ ಅದು ಎಲ್ಲಕ್ಕಿಂತ ಸುಳ್ಳಾಗಿ ಕೇಳಿತು. ಕಬ್ಬಿನ ಟ್ರಾಕ್ಟರೊಂದು ದಾರಿ ಬಿಡದೆ ಎರಡು ಮೈಲಿ ಸತಾಯಿಸಿತು.

ನಾಗಮಂಗಲ ತಲುಪಿದಾಗ ಭಾವನ ಸ್ಕೂಟರು ಆಗಲೇ ದೊಡ್ಡಮ್ಮನ ಬಾಗಿಲಲ್ಲಿತ್ತು. ಒಳಗೆ ಭಾವ ತಲೆ ತಗ್ಗಿಸಿ ಕಂಬಕ್ಕೊರಗಿ ಕೂತಿದ್ದರು. ಅವರ ಮುಂದೆ ಮೂರು ಊರಿನ ಶ್ಯಾವಿಗೆ ಪ್ಯಾಕೆಟ್ಟುಗಳು. ದೊಡ್ಡಮ್ಮನ ಮುಂದೆ ಶ್ಯಾವಿಗೆ ಒರಳು. ಅದರ ತಿರುಪಿಗೆ ಅವರು ಬಟ್ಟೆಯಿಂದ ಎಣ್ಣೆ ಸವರುತ್ತಿದ್ದರು.

"ನಾನ್ಯಾವಾಗ ಫೋನ್ ಮಾಡಿದ್ನೋ ಸೀನು?" ಎನ್ನುತ್ತಿದ್ದರು. "ಅಪರ್ಣನ ಕೈಗೆ ಪೆಟ್ಟಾಗಿದೆ ಅಂತ ಗೊತ್ತಾಗೇ ಬೆಳಗ್ಗಿಂದ ಈ ಒರಳು ತಿಕ್ತಾ ಇದೀನಿ. ನಿನ್ನ ಮನೆ ಒಲೇಲೇ ಉಂಡೆ ಬೇಯಿಸ್ತೀನಿ, ಹಿಡಿ ತಿರುಗಿಸೋಕೆ ನೀನು ಬಾ ಅನ್ನೋಣ ಅಂತ."

ಭಾವ ತಲೆಯೆತ್ತಿದರು. "ಎರಡು ವರ್ಷ ಬರಲಿಲ್ವಲ್ಲ ನೀವು?"

"ಅವತ್ತು ಎದ್ದಿದ್ದು ಮಡಿಗೆ. ಆಮೇಲೆ ಬರದೆ ಇದ್ದಿದ್ದು ಹಟಕ್ಕೆ. ಬಂದು ಕರೀತಾನೆ ಅಂತ ನಾನು ಕಾದೆ. ನೀನು ಯಾವ ಮುಖ ಇಟ್ಕೊಂಡು ಹೋಗಲಿ ಅಂತ ಕೂತೆ. ಇಬ್ಬರೂ ಸರಿಹೋದ್ವಿ."

ಇನ್ನು ತಡೆಯಲಾಗಲಿಲ್ಲ. "ಫೋನ್ ಮಾಡಿದ್ದು ನಾನು, ದೊಡ್ಡಮ್ಮ," ಎಂದೆ.

ಇಬ್ಬರೂ ನನ್ನನ್ನೇ ನೋಡಿದರು. ಭಾವನ ಕಣ್ಣು ಕೆಂಪಗಿತ್ತು. ಹೊಡೆದರೂ ಹೊಡೆಯಲಿ ಎಂದು ನಿಂತೆ.

"ಎಲ್ಲಿ, ಅದೇನು ಮಾತಾಡಿದ್ಯೋ ಮಾತಾಡು," ಎಂದರು ದೊಡ್ಡಮ್ಮ.

ಮೂಗು ಒತ್ತಿ ಹಿಡಿದೆ. "ಸೀನೂ, ಶ್ಯಾವಿಗೆ ಅಂಗಡೀದಾದ್ರೂ ಆಗತ್ತೆ..." ಎಂದೆ.

ದೊಡ್ಡಮ್ಮ ಎಣ್ಣೆ ಬಟ್ಟೆ ಕೆಳಗಿಟ್ಟರು. "ನಾನೆಲ್ಲೋ ಹೀಗೆ ಮೂಗಲ್ಲಿ ಮಾತಾಡ್ತೀನಿ?" ಎಂದರು, ಮೂಗಿನಲ್ಲೇ, ನನಗಿಂತ ಎರಡು ಪಟ್ಟು ಎಳೆದು.

ಭಾವ ಮೊದಲು ಕೆಮ್ಮಿದರು. ಕೆಮ್ಮು ಎಂದೇ ನಾನು ನೀರು ತರಲು ಹೊರಟೆ. ಅದು ಕೆಮ್ಮಾಗಿರಲಿಲ್ಲ. ಕಂಬ ಹಿಡಿದುಕೊಂಡು, ಪ್ಯಾಕೆಟ್ಟುಗಳ ಮೇಲೆ ಬಾಗಿ, "ಎಂಟು ನಿಮಿಷದ್ದು ಹಸಿ ಅಂತ... ಧರ್ಮೇಂದ್ರನಿಗೆ ಲೆಕ್ಕ ಮಾಡಿ ತೋರಿಸಿದ್ನಲ್ಲೋ..." ಎಂದು ಮಾತು ಮುಗಿಸಲಾಗದೆ ನಗತೊಡಗಿದರು. ದೊಡ್ಡಮ್ಮ ಸೆರಗು ಬಾಯಿಗಿಟ್ಟುಕೊಂಡರು. ನನಗೂ ನಗು ಬಂತು, ಅರೆಬರೆ. ಪಕ್ಕದ ಮನೆಯ ಮಂಗಳಮ್ಮ ಏನಾಯಿತೋ ಎಂದು ಗಾಬರಿಯಾಗಿ ಓಡಿಬಂದು ಹೊಸ್ತಿಲಲ್ಲಿ ನಿಂತಾಗಲೂ ಭಾವ ಇನ್ನೂ ನಗುತ್ತಲೇ ಇದ್ದರು.