ಬೀರುವಿನ ಮೇಲೆ ಕೂತ ಅತ್ತಿಗೆ

ಮೆಟ್ಟಿಲ ಬಾಯಲ್ಲಿ ಮಲಗಿಸಿಟ್ಟಿದ್ದ ಬೀರುವಿನ ಮೇಲೆ ಅತ್ತಿಗೆ ಜಪ್ಪಯ್ಯ ಅಂದರೂ ಏಳೆನೆಂಬಂತೆ ಕೂತುಬಿಟ್ಟಳು.

"ಇಳೀರಿ ಅತ್ಗೆ, ಈ ಮನೆಯವರು ನೋಡ್ತಿದ್ದಾರೆ," ಎಂದ ಮೈದುನ.

"ನೋಡ್ಲಿ. ಹೊರೋದಿದ್ರೆ ನನ್ನನ್ನೂ ಸೇರಿಸಿ ಹೊರು. ಇಲ್ಲಾಂದ್ರೆ ಆಸ್ಪತ್ರೆಗೆ ನಡಿ."

ಬೀರುವಿನ ಇನ್ನೊಂದು ತುದಿ ಹಿಡಿಯಲು ಬಂದಿದ್ದ ಹೊಸ ಜೊತೆಗಾರ ಮುಖ ತಿರುಗಿಸಿ ನಕ್ಕ.

ಮನೆ ಸಾಮಾನು ಸಾಗಿಸುವುದರಲ್ಲಿ ಅವಳ ಗಂಡ ಮತ್ತು ಮೈದುನ, ಈ ಅವಳಿ ಅಣ್ಣತಮ್ಮಂದಿರಿಗೆ ಸಾಟಿಯೇ ಇರಲಿಲ್ಲ. ಇಳಿಯುವಾಗ ಅಣ್ಣ ಕೆಳಗೆ, ತಮ್ಮ ಮೇಲೆ. ಮಾತು ಬೇಕಿರಲಿಲ್ಲ, ಒಬ್ಬನ ಹೆಜ್ಜೆ ಇನ್ನೊಬ್ಬನ ಕಾಲಿಗೆ ಗೊತ್ತಾಗುತ್ತಿತ್ತು. ಅಣ್ಣನಿಗೆ ಒಂದೇ ಕೆಟ್ಟ ಚಾಳಿ: ನಡುವೆ ಕೈ ಸಡಿಲಿಸಿ, ಭಾರವನ್ನೆಲ್ಲ ತಮ್ಮನಿಗೆ ಬಿಟ್ಟು ನಗುವುದು. ಹೋದ ತಿಂಗಳು ಮೆಟ್ಟಿಲ ತಿರುವಿನಲ್ಲಿ ಭಾರ ಹಾಗೆಯೇ ಒಮ್ಮೆಲೇ ಕೈಗೆ ಬಂದಾಗ, "ಆಟ ಸಾಕು ಕಣೋ, ಹಿಡಿ" ಎಂದು ತಮ್ಮ ಬೈದ. ಇನ್ನೊಮ್ಮೆ ಬೈದ. ಕೆಳಗಿನಿಂದ ನಗು ಬರಲಿಲ್ಲ.

ಮೆಟ್ಟಿಲ ಮೇಲೇ ಜೀವ ಬಿಟ್ಟ ಅಣ್ಣನ ಹೃದಯದ ಗೋಡೆ ದಪ್ಪವಾಗಿತ್ತಂತೆ, ಹುಟ್ಟಿನಿಂದಲೇ ಬರುವಂಥದ್ದಂತೆ. ಅವಳಿ ತಮ್ಮನನ್ನು ತಡಮಾಡದೆ ಕರೆತನ್ನಿ ಎಂದು ಡಾಕ್ಟರು ಹೇಳಿದ್ದೇ ತಡ, ಅತ್ತಿಗೆ ಅವನ ಬೆನ್ನು ಹತ್ತಿದಳು. ಅವನು ನಾಳೆ, ನಾಡಿದ್ದು ಎಂದು ದಿನ ತಳ್ಳುತ್ತಲೇ ಬಂದ. ಅದಕ್ಕೇ ಇವತ್ತು ಅವಳು ಕೆಲಸದ ಜಾಗಕ್ಕೇ ಬಂದು ಕೂತಿದ್ದಳು.

"ನಂಗೇನಾಗಿದೆ? ಕಲ್ಲುಗುಂಡಿನ ಹಾಗಿದ್ದೀನಿ."

"ಅವರೂ ಹಾಗೇ ಇದ್ರು."

ಅವನು ಭಾರ ಹೊರುವ ಹೆಗಲ ಪಟ್ಟಿ ಬಿಚ್ಚಿದ. ಅವನಿಗೆ ನಿಜಕ್ಕೂ ಭಯವಾಗಿತ್ತು. "ನಂಗೂ ಅದೇ ಇದ್ರೆ? ಹೊರೋದು ಬಿಟ್ರೆ ನಂಗೇನ್ ಬರುತ್ತೆ ಅತ್ಗೆ?"

"ಮೊದ್ಲು ಬದುಕಿರು. ಮಿಕ್ಕಿದ್ದು ಕಲಿಯೋಣ, ನಾನೂ ಕಲೀಬೇಕು."

ಆಸ್ಪತ್ರೆಯ ಮಬ್ಬುಗತ್ತಲೆ ಕೋಣೆಯಲ್ಲಿ ಅವನು ಅಂಗಿ ಬಿಚ್ಚಿ ಮಗ್ಗುಲಾಗಿ ಮಲಗಿದ. ಡಾಕ್ಟರಮ್ಮ ಎದೆಗೆ ತಣ್ಣನೆಯ ಜೆಲ್ ಹಚ್ಚಿ ಯಂತ್ರದ ಹಿಡಿ ಒತ್ತಿದರು. ಪರದೆಯ ಮೇಲೆ ಬೂದುಬಣ್ಣದ ಹೃದಯ ಮುದುಡಿ ಅರಳತೊಡಗಿತು.

"ಈ ಗೋಡೆ ನೋಡಿ, ಇವರದೂ ದಪ್ಪ ಇದೆ. ಸದ್ಯ, ಈಗ್ಲಾದ್ರೂ ಬಂದ್ರಿ. ಮಾತ್ರೆ ಶುರುಮಾಡೋಣ. ಇನ್ಮೇಲೆ ಭಾರ ಎತ್ತೋ ಹಾಗಿಲ್ಲ."

"ಎತ್ತಲ್ಲ," ಎಂದಳು ಅತ್ತಿಗೆ, ಅವನು ಬಾಯಿ ತೆರೆಯುವ ಮೊದಲೇ.

ಅವನು ಪರದೆಯ ಮೇಲಿನ ಆ ಗೋಡೆ ನೋಡುತ್ತ ಕೇಳಿದ. "ಅಣ್ಣಂದೂ ಹೀಗೇ ಇತ್ತಾ?"

"ಇದೇ ಥರ ಇದ್ದಿರುತ್ತೆ."

ಅಷ್ಟು ಹೇಳಿ ಡಾಕ್ಟರಮ್ಮ ಕೈ ತೆಗೆಯಲು ಹೊರಟರು. ಅಷ್ಟರಲ್ಲಿ ಅತ್ತಿಗೆ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡಳು.

"ಇನ್ನೊಂಚೂರು ಹೊತ್ತು ಹಾಗೇ ಇಡಿ ಡಾಕ್ಟ್ರೇ."

ಡಾಕ್ಟರಮ್ಮ ಹಿಡಿಯನ್ನು ಮತ್ತೆ ಎದೆಗೆ ಒತ್ತಿದರು. ಪರದೆಯ ಮೇಲೆ ಆ ಹೃದಯ ಬಡಿಯುತ್ತಲೇ ಇತ್ತು.