ಮೂರನೆಯ ಪ್ಲಗ್

ಏರುದಾರಿಯಲ್ಲಿ ಪಿಕಪ್ ಮುಗ್ಗರಿಸತೊಡಗಿ ನಾಲ್ಕು ದಿನವಾಗಿತ್ತು. ಖಾಲಿ ಇದ್ದಾಗ ಏನೂ ಇಲ್ಲ. ಲಾಡ್ಜುಗಳ ಬೆಡ್‌ಶೀಟಿನ ಗಂಟುಗಳನ್ನು ಹೇರಿಕೊಂಡು ಸೇತುವೆ ಹತ್ತುವಾಗ ಮಾತ್ರ ಎಂಜಿನ್ ಒಂದು ಉಸಿರು ತಪ್ಪಿಸುತ್ತಿತ್ತು. ಸ್ಟಿಯರಿಂಗ್ ಅಂಗೈಯಲ್ಲಿ ನಡುಗುತ್ತಿತ್ತು. ನಮ್ಮದು ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಮನೆ. ಮೆಷಿನ್ ನೋಡಿಕೊಳ್ಳುವುದು ನನ್ನ ಗಂಡ, ಮಡಚುವುದು ಅತ್ತೆ, ಗಾಡಿ ಓಡಿಸುವುದು ನಾನು. ಮಾವ ನಲವತ್ತು ವರ್ಷ ಮೆಕ್ಯಾನಿಕ್ ಆಗಿದ್ದವರು. ಶೆಡ್ಡು ಮುಚ್ಚಿದ ಮೇಲೆ ಅವರ ಪಾಲಿಗೆ ಉಳಿದದ್ದು ಈ ಒಂದು ಗಾಡಿ, ಮತ್ತೆ ಮಧ್ಯಾಹ್ನದ ಹೊತ್ತು ಇಸ್ತ್ರಿ ಮೇಜು.

ನಾನು ಹೇಳಿದ್ದನ್ನೆಲ್ಲ ಕೇಳಿ ಮಾವ, ಪ್ಲಗ್ಗುಗಳೂ, ಅವಕ್ಕೆ ಕರೆಂಟು ಕೊಡುವ ಕಾಯಿಲಿನ ತುದಿಯ ರಬ್ಬರ್ ಬೂಟುಗಳೂ ಹಳತಾಗಿವೆ, ನಾಲ್ಕನ್ನೂ ಬದಲಾಯಿಸಬೇಕು, ಭಾನುವಾರ ನಾವಿಬ್ಬರೂ ಸೇರಿ ಮಾಡೋಣ ಎಂದರು. ಆ 'ನಾವಿಬ್ಬರೂ' ನನ್ನ ಕಿವಿಯಲ್ಲೇ ಉಳಿಯಿತು. ಬಾನೆಟ್ ತೆರೆದಾಗ ಯಾರನ್ನೂ ಹತ್ತಿರ ಬಿಟ್ಟುಕೊಳ್ಳದ ಮನುಷ್ಯ ಅವರು.

ಕಾರಣ ನನಗೆ ಗೊತ್ತಿತ್ತು. ಹತ್ತು ದಿನದ ಹಿಂದೆ ಇಸ್ತ್ರಿ ಮೇಜಿನ ಹತ್ತಿರ ಸುಟ್ಟ ವಾಸನೆ ಬಂದು ತಿರುಗಿ ನೋಡಿದ್ದೆ. ಬಿಸಿ ಪೆಟ್ಟಿಗೆಯ ಅಂಚಿಗೆ ಮಾವನ ನಡುಬೆರಳು ತಾಗಿಕೊಂಡೇ ಇತ್ತು. ಅವರು ದಿಂಬಿನ ಕವರಿನ ಮೇಲೆ ಕಲೆ ಹುಡುಕುತ್ತಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರಿಗೂ ವಾಸನೆ ತಿಳಿಯಿತು. ಬೆರಳನ್ನು ಎತ್ತಿ, ಅದು ಬೇರೆ ಯಾರದೋ ಎಂಬಂತೆ ನೋಡಿ, ಆಮೇಲೆ ನನ್ನನ್ನು ನೋಡಿದರು.

"ನಿಮ್ಮತ್ತೆಗೆ ಹೇಳ್ಬೇಡಮ್ಮ."

ಹೇಳಲಿಲ್ಲ. ಡಾಕ್ಟರ ಹತ್ತಿರ ಹೋಗೋಣ ಎಂದದ್ದಕ್ಕೆ, ಸೆಖೆಗೆ ಹಾಗಾಗುತ್ತದೆ ಎಂದು ತಳ್ಳಿಹಾಕಿದರು. ಅವರನ್ನು ಆಸ್ಪತ್ರೆಯ ಮೆಟ್ಟಿಲು ಹತ್ತಿಸುವ ತಾಕತ್ತು ಈ ಮನೆಯಲ್ಲಿ ಅತ್ತೆಗೆ ಒಬ್ಬರಿಗೇ ಇತ್ತು. ಅತ್ತೆಗೆ ತಿಳಿಸಬಾರದೆಂದು ನನ್ನ ಬಾಯಿ ಕಟ್ಟಿಹೋಗಿತ್ತು. ಮಾತಾಡದೆ ಇರುವುದು ನನಗೆ ಯಾವತ್ತೂ ಕಷ್ಟವಾದದ್ದಲ್ಲ. ಆದರೆ ಈ ಮೌನ ನನ್ನದಾಗಿರಲಿಲ್ಲ. ದಿನವೂ ಅವರು ಇಸ್ತ್ರಿ ಪೆಟ್ಟಿಗೆ ಹಿಡಿಯುವಾಗ ನಾನು ಗಂಟು ಕಟ್ಟುವ ನೆಪದಲ್ಲಿ ಅಲ್ಲೇ ಸುಳಿಯುತ್ತಿದ್ದೆ. ಮುಂದಿನ ಸಲ ನಾನು ಗಾಡಿಯಲ್ಲಿ ಇದ್ದುಬಿಟ್ಟರೆ?

ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಗಾಡಿ ನಿಂತಿತ್ತು. ಮಾವ ಹರಿದ ಬೆಡ್‌ಶೀಟೊಂದನ್ನು ಮಡ್‌ಗಾರ್ಡಿನ ಮೇಲೆ ಹಾಸಿ, ಸಾಮಾನುಗಳನ್ನು ಬೇಕಾಗುವ ಕ್ರಮದಲ್ಲೇ ಜೋಡಿಸಿದ್ದರು. ಎಂಜಿನ್ ತಣ್ಣಗಾಗಿದೆಯೇ ಎಂದು ನೋಡಲು ಬೆರಳು ಇಡಲಿಲ್ಲ. ಮಣಿಕಟ್ಟಿನ ಒಳಭಾಗ ಇಟ್ಟರು. ನನ್ನಿಂದ ಬ್ಯಾಟರಿಯ ತಂತಿ ಕಳಚಿಸಿದರು. ಕಾಯಿಲನ್ನು ಎಳೆಯಬಾರದು, ಮೊದಲು ಸ್ವಲ್ಪ ತಿರುಗಿಸಿ ರಬ್ಬರಿನ ಹಿಡಿತ ಬಿಡಿಸಬೇಕು; ಪ್ಲಗ್ ಬಿಚ್ಚುವ ಮೊದಲು ಅದು ಕೂತ ಗುಂಡಿಯ ಧೂಳನ್ನು ಊದಬೇಕು, ಇಲ್ಲದಿದ್ದರೆ ಅದೆಲ್ಲ ಎಂಜಿನ್ನಿನ ಹೊಟ್ಟೆಗೆ ಹೋಗುತ್ತದೆ ಎಂದು ಒಂದೊಂದಾಗಿ ಹೇಳಿಕೊಟ್ಟರು.

ಅತ್ತೆ ಬಾಗಿಲಲ್ಲಿ ಕುಳಿತು ಟವೆಲ್ ಮಡಚುತ್ತಿದ್ದರು. ಬೂಟಿನ ಒಳಗೆ ಹಚ್ಚಲು ಮಾವ ಗ್ರೀಸಿನ ಟ್ಯೂಬು ಬಿಚ್ಚಿದ್ದು ಅವರ ಕಣ್ಣಿಗೆ ಬಿತ್ತು.

"ರೀ, ಇವಳಿಗೂ ಒಂಚೂರು ಹಚ್ಚಿ. ಮಾತಾದ್ರೂ ಜಾರ್ಕೊಂಡು ಹೊರಗೆ ಬರುತ್ತೆ."

ಮಾವ ನಕ್ಕರು. ನನಗೆ ನಗು ಬರಲಿಲ್ಲ. ಅತ್ತೆ ಮಡಚಿದ ಟವೆಲ್ಲುಗಳನ್ನು ಎತ್ತಿಕೊಂಡು ಒಳಗೆ ಹೋದರು.

ಮೊದಲೆರಡು ಪ್ಲಗ್ಗುಗಳನ್ನು ನನ್ನ ಕೈಯಿಂದಲೇ ಹಾಕಿಸಿದರು. ಅದಕ್ಕೆಂದು ಗೇಣುದ್ದದ ರಬ್ಬರ್ ಪೈಪು ಕತ್ತರಿಸಿಟ್ಟಿದ್ದರು. ಪೈಪಿನ ತುದಿಗೆ ಪ್ಲಗ್ ಸಿಕ್ಕಿಸಿ, ಗುಂಡಿಗೆ ಇಳಿಸಿ, ಮೇಲಿನಿಂದ ಬೆರಳಲ್ಲಿ ತಿರುಗಿಸುವುದು. ಪ್ಲಗ್ ಅಡ್ಡ ಹೋದರೆ ಪೈಪು ತಾನೇ ಜಾರುತ್ತದೆ, ಥ್ರೆಡ್ ಹಾಳಾಗುವುದಿಲ್ಲ. ಅದು ಕಲಿಯುವವರ ಉಪಾಯವಂತೆ. ಅವರು ಸ್ವತಃ ಯಾವತ್ತೂ ಪೈಪು ಮುಟ್ಟಿದವರಲ್ಲ. ಪ್ಲಗ್ ತಳಕ್ಕೆ ಕೂರುವವರೆಗಿನ ಸುತ್ತುಗಳನ್ನು ನಾನು ಮನಸ್ಸಿನಲ್ಲೇ ಎಣಿಸಿಕೊಂಡೆ. ಎರಡೂ ಸಲ ಏಳು ಬಂತು.

ಮೂರನೆಯದು ಬಿಚ್ಚುವಾಗ ಕಿರುಗುಟ್ಟಿತು. ಹೊರಗೆ ಬಂದ ಪ್ಲಗ್ಗಿನ ಥ್ರೆಡ್ಡಿಗೆ ಬೆಳ್ಳಗಿನ ಅಲ್ಯೂಮಿನಿಯಂ ಪುಡಿ ಮೆತ್ತಿಕೊಂಡಿತ್ತು. ಅದರ ಬೂಟಿನ ಮೇಲೆ ಕೂದಲಿನಷ್ಟು ತೆಳ್ಳಗಿನ ಕಪ್ಪು ಗೆರೆ ಮೇಲಿನಿಂದ ಕೆಳಗೆ ಇಳಿದಿತ್ತು. ಕಿಡಿ ಹಾದಿ ತಪ್ಪಿ ಓಡುತ್ತಿದ್ದದ್ದು ಅಲ್ಲೇ. ಹೋದ ವರ್ಷ ಪ್ಲಗ್ ಅಡ್ಡ ಕೂತು, ಸಂದಿನಿಂದ ಬಿಸಿಗಾಳಿ ಹೊಡೆದು ರಬ್ಬರ್ ಬೆಂದಿತ್ತು.

ಮಾವ ಹಳೆಯ ಪ್ಲಗ್ಗನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. ಯಾರೋ ಸರಿಯಾಗಿ ಹಾಕಿಲ್ಲ ಎಂದು ಗೊಣಗಿದರು. ಹೋದ ವರ್ಷ ಹಾಕಿದ್ದು ಅವರೇ, ಒಬ್ಬರೇ. ಅದು ಇಬ್ಬರಿಗೂ ಗೊತ್ತಿತ್ತು. ನಾನು ಗುಂಡಿ ಒರೆಸುವುದರಲ್ಲಿ ಮುಳುಗಿದಂತೆ ನಟಿಸಿದೆ.

ಇದನ್ನು ತಾವೇ ಹಾಕುವುದಾಗಿ ಹೇಳಿ ಅವರು ಹೊಸ ಪ್ಲಗ್ಗನ್ನು ಉದ್ದ ಸಲಾಕೆಯ ತುದಿಗೆ ಸಿಕ್ಕಿಸಿ ಇಳಿಸಿದರು. ಮೂರು ಬೆರಳಲ್ಲಿ ತಿರುಗಿಸಿದರು. ಸುಟ್ಟ ಬೆರಳಿನ ಗಾಯ ಒಣಗಿ ಕಂದುಬಣ್ಣವಾಗಿತ್ತು. ಒಂದು ಸುತ್ತು ಮುಗಿಯಿತು. ಸಲಾಕೆ ಬಿಗಿದು ನಿಂತಿತು, ನೆಟ್ಟಗೆ ಅಲ್ಲ, ಒಂದಿಷ್ಟು ನನ್ನ ಕಡೆ ವಾಲಿ. ಮಾವ ಬಿಗಿ ಮಾಡಲು ರ‍್ಯಾಚೆಟ್ ಹಿಡಿಗೆ ಕೈ ಚಾಚಿದರು. ಅದರಿಂದ ಒಮ್ಮೆ ಬಲ ಹಾಕಿದರೆ ಉಳಿದ ಥ್ರೆಡ್ಡೂ ಹರಿದು, ಎಂಜಿನ್ನಿನ ತಲೆಯನ್ನೇ ಬಿಚ್ಚಬೇಕಾಗುತ್ತಿತ್ತು.

"ಮಾವ, ಅಡ್ಡ ಹೋಗ್ತಿದೆ."

"ಇಲ್ಲ, ಕೂತಿದೆ."

"ಒಂದೇ ಸುತ್ತು ಆಗಿರೋದು."

ಅವರ ಕೈ ಹಿಡಿಯ ಮೇಲೆಯೇ ಇತ್ತು. ಒಳಗೆ ಮೆಷಿನ್ನಿನಲ್ಲಿ ನೀರು ತುಂಬುವ ಸದ್ದು ಕೇಳುತ್ತಿತ್ತು; ಅದು ತುಂಬಿ, ನಿಂತು, ತಿರುಗಲು ಶುರುವಾಯಿತು.

"ನಿಂಗೆ ಹೇಗಮ್ಮ ಗೊತ್ತಾಯ್ತು?" ಎಂದು ಕೇಳಿದರು ಕೊನೆಗೆ.

"ಎಣಿಸ್ತಿದ್ದೆ."

"ನಂಗೆ ಎಣಿಸಿ ಅಭ್ಯಾಸ ಇಲ್ಲ. ಬೆರಳೇ ಹೇಳ್ತಿತ್ತು." ರ‍್ಯಾಚೆಟ್ ಕೆಳಗಿಟ್ಟರು. "ಈಗ ಯಾವಾಗ್ಲೂ ಕೈಗವಸು ಹಾಕ್ಕೊಂಡ ಹಾಗಿರುತ್ತೆ. ಎರಡು ವರ್ಷ ಆಯ್ತು."

ಎರಡು ವರ್ಷ. ನಾನು ಹತ್ತು ದಿನ ಹೊತ್ತು ದಣಿದದ್ದನ್ನು ಅವರು ಎರಡು ವರ್ಷದಿಂದ ಹೊತ್ತಿದ್ದರು. ರಬ್ಬರ್ ಪೈಪನ್ನು ಎತ್ತಿಕೊಂಡೆ. ಅವರು ಪಕ್ಕಕ್ಕೆ ಸರಿದು ಜಾಗ ಬಿಟ್ಟರು.

ಸಲಾಕೆಯಿಂದ ಪ್ಲಗ್ಗನ್ನು ಮೆಲ್ಲಗೆ ಹಿಂದಕ್ಕೆ ಬಿಡಿಸಿ ತೆಗೆದು, ಒರೆಸಿ, ಪೈಪಿಗೆ ಸಿಕ್ಕಿಸಿದೆ. ಪೈಪು ಎರಡು ಸಲ ಜಾರಿತು. ಮೊದಲು ಹಿಂದಕ್ಕೆ ತಿರುಗಿಸು, ಟಕ್ ಅಂತ ಒಂಚೂರು ಕೆಳಗೆ ಬೀಳುತ್ತದೆ, ಅಲ್ಲಿಂದ ಮುಂದಕ್ಕೆ ತಿರುಗಿಸು ಎಂದರು ಮಾವ. ಹಾಗೇ ಮಾಡಿದೆ. ಪ್ಲಗ್ ಬಿದ್ದದ್ದು ಬೆರಳ ತುದಿಗೆ ಗೊತ್ತಾಯಿತು, ಇಷ್ಟೇ ಇಷ್ಟು. ಅವರ ಬೆರಳಿಗೆ ಇಲ್ಲವಾಗಿದ್ದದ್ದೂ ಇಷ್ಟೇ. ಒಂದು, ಎರಡು ಎಂದು ಮಾವ ಬಾಯಿಬಿಟ್ಟು ಎಣಿಸಿದರು. ಏಳಕ್ಕೆ ಕೂತಿತು.

ನಾಲ್ಕನೆಯದನ್ನು ಅವರು ಮುಟ್ಟಲಿಲ್ಲ. ಬಕೆಟ್ ಬೋರಲು ಹಾಕಿ ಅದರ ಮೇಲೆ ಕುಳಿತು ನೋಡಿದರು. ಕೊನೆಯ ಕಾಯಿಲನ್ನು ಒತ್ತಿ ಬೂಟು ಪ್ಲಗ್ಗನ್ನು ಕಚ್ಚಿಕೊಂಡದ್ದು ಖಾತ್ರಿಯಾದ ಮೇಲೆ, ಅವರ ಮುಖ ನೋಡದೆಯೇ ಹೇಳಿದೆ.

"ಅತ್ತೆಗೆ ನಾನು ಹೇಳಲ್ಲ. ನೀವೇ ಹೇಳಿ. ಇವತ್ತೇ."

"ಹೇಳ್ದಿದ್ರೆ?"

"ನಾಳೆಯಿಂದ ಇಸ್ತ್ರಿ ಪೆಟ್ಟಿಗೆ ನಿಮ್ಮ ಕೈಗೆ ಸಿಗಲ್ಲ. ಕೀಲಿ ಹಾಕಿ ಗಾಡೀಲಿ ಇಟ್ಕೊಂಡು ಹೋಗ್ತೀನಿ."

ಈ ಮನೆಗೆ ಬಂದು ಆರು ವರ್ಷವಾದರೂ ಅವರ ಎದುರು ಒಮ್ಮೆಗೆ ಇಷ್ಟು ಮಾತಾಡಿದವಳಲ್ಲ. ಮಾವ ನನ್ನನ್ನು ದಿಟ್ಟಿಸಿದರು.

"ನಿಮ್ಮತ್ತೆ ಗಾಳಿ ನಿಂಗೂ ಬಡೀತು," ಎಂದರು. ಬೇಸರವಿರಲಿಲ್ಲ ದನಿಯಲ್ಲಿ. ಬ್ಯಾಟರಿ ತಂತಿ ಸಿಕ್ಕಿಸಿ ಸ್ಟಾರ್ಟ್ ಮಾಡು ಎಂದರು.

ಬಾನೆಟ್ ಇಳಿಸಿ ಒಳಗೆ ಕುಳಿತು ಕೀಲಿ ತಿರುಗಿಸಿದೆ. ಎಂಜಿನ್ ಒಂದೇ ಸಲಕ್ಕೆ ಹಿಡಿದುಕೊಂಡಿತು. ನಡುಕವಿಲ್ಲ. ಆಕ್ಸಿಲರೇಟರ್ ಒತ್ತಿದರೂ ಉಸಿರು ಎಲ್ಲೂ ತಪ್ಪಲಿಲ್ಲ. ಸದ್ದು ಕೇಳಿ ಅತ್ತೆ ಬಾಗಿಲಿಗೆ ಬಂದರು. ಮಾವ ಬಕೆಟಿನಿಂದ ಎದ್ದು, ಕೈ ಒರೆಸಿಕೊಳ್ಳುತ್ತ ಅವರ ಕಡೆ ನಡೆದರು.

ಮುಂದಿನ ಗಾಜಿನಾಚೆ ಇಬ್ಬರೂ ನಿಂತಿದ್ದರು. ಮಾವನ ಮುಖ ಮಾತ್ರ ನನಗೆ ಕಾಣುತ್ತಿರಲಿಲ್ಲ. ಅತ್ತೆ ಮೊದಲು ಏನೋ ತಮಾಷೆ ಮಾಡಿರಬೇಕು, ಗಲ್ಲ ಎತ್ತಿ ನನ್ನ ಕಡೆ ತೋರಿಸಿದರು. ಆಮೇಲೆ ಅವರ ಮುಖದ ನಗು ನಿಧಾನವಾಗಿ ಇಳಿಯಿತು. ಹೆಗಲ ಮೇಲಿದ್ದ ಟವೆಲ್ಲನ್ನು ತೆಗೆದು ಮೆಟ್ಟಿಲ ಮೇಲಿಟ್ಟರು. ಮಾವನ ಬಲಗೈಯನ್ನು ತೆಗೆದುಕೊಂಡು, ಹೆಬ್ಬೆರಳಿನಿಂದ ಶುರುಮಾಡಿ, ಒಂದೊಂದೇ ಬೆರಳ ತುದಿಯನ್ನು ಚಿವುಟುತ್ತ ಕೇಳತೊಡಗಿದರು. ಹೆಬ್ಬೆರಳಿಗೆ ಮಾವ ತಲೆಯಾಡಿಸಿ ಹೌದೆಂದರು. ಮುಂದಿನದಕ್ಕೆ ಇಲ್ಲ. ಅದರ ಮುಂದಿನದಕ್ಕೂ ಇಲ್ಲ.

ಎಂಜಿನ್ ನೋಡಿ ಆಗಿತ್ತು, ಆರಿಸಬಹುದಿತ್ತು. ಆರಿಸಿದರೆ ಅವರ ಮಾತು ನನಗೆ ಕೇಳಿಸುತ್ತಿತ್ತು. ನಾನು ಕಾಲನ್ನು ಆಕ್ಸಿಲರೇಟರಿನ ಮೇಲೆ ಹಗುರವಾಗಿ ಇಟ್ಟುಕೊಂಡೇ ಕುಳಿತೆ.